ಮುಖ ತಪ್ಪಿಸಿ ಹಾಕಿದ ಮೊಹರು

ಹೋದ ಶ್ರಾವಣದಲ್ಲಿ ನಮ್ಮ ಪೋಸ್ಟ್ ಚಾಚಾ ತೀರಿಕೊಂಡರು. ಹರಪನಹಳ್ಳಿಯ ಮಗಳ ಮನೆಯಲ್ಲಿ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಒಂದು ದಿನ ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಚಾಕರಿ ಮಾಡಿಸಿಕೊಳ್ಳಲಿಲ್ಲ. ಅಂಥ ಸಾವು ಕೊಟ್ಟದ್ದಕ್ಕೆ ದೇವರಮನೆಯ ಜಗಲಿಯ ಮೇಲಿನ ದೇವರಿಗೆ ಕೈ ಮುಗಿದೆ. ಆಮೇಲೆ ಒಲೆಯ ಮುಂದೆ ಕೂತು ಕಣ್ಣು ಒರೆಸಿಕೊಂಡೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಓಣಿಯಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದದ್ದಿಲ್ಲ. ಮೂರು ವರ್ಷದ ಕೂಸಿಗೂ ಎಂಬತ್ತು ದಾಟಿದ ನಮ್ಮ ಅತ್ತೆಗೂ ಅವರು ಪೋಸ್ಟ್ ಚಾಚಾ. ಅವರ ಹೆಂಡತಿ ಎಲ್ಲರಿಗೂ ಚಾಚಿ.

ನಮ್ಮೂರು ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿದೆ. ಅಂಚೆ ಕಚೇರಿ ಆಗ ನಮ್ಮ ಮನೆಯ ಎದುರಿಗೆ ಒಂದು ಬಾಡಿಗೆ ಮನೆಯಲ್ಲಿತ್ತು. ಒಬ್ಬ ಮಾಸ್ತರು, ಊರಿಗೆಲ್ಲ ಪತ್ರ ಹಂಚುವ ಒಬ್ಬ ಪೋಸ್ಟ್‌ಮ್ಯಾನ್, ಮತ್ತು ಚಾಚಾ. ಡಬ್ಬಿಯಿಂದ ಪತ್ರ ತೆಗೆಯುವುದು, ಪ್ರತಿಯೊಂದರ ಅಂಚೆಚೀಟಿಯ ಮೇಲೆ ಮೊಹರು ಹಾಕುವುದು, ಊರು ಊರಿನದು ಬೇರೆ ಮಾಡಿ ಚೀಲ ಕಟ್ಟುವುದು, ಅರಗು ಕರಗಿಸಿ ಗಂಟಿಗೆ ಹಚ್ಚುವುದು, ಸಂಜೆಯ ಬಸ್ಸಿಗೆ ಚೀಲ ಮುಟ್ಟಿಸುವುದು, ಇಷ್ಟು ಅವರ ಕೆಲಸ. ಮೂವತ್ತು ವರ್ಷದ ಮೇಲೆ ಅದನ್ನೇ ಮಾಡಿದರು. ಮೊಹರಿಗೆ ನಮ್ಮ ಕಡೆ ಶಿಕ್ಕಾ ಅನ್ನುತ್ತಾರೆ. ಚಾಚಾ ಶಿಕ್ಕಾ ಹೊಡೆದರೆ ಊರಿನ ಹೆಸರು, ತಾರೀಖು ಎರಡೂ ಅಚ್ಚು ಹಾಕಿದ ಹಾಗೆ ಕಾಣುತ್ತಿದ್ದವು. ನಮ್ಮೂರಿನ ಹೆಸರು ಅಷ್ಟು ಚೆಂದ ಕಾಣುವುದು ಅವರ ಶಿಕ್ಕಾದಲ್ಲಿ ಮಾತ್ರ ಎಂದು ನನ್ನ ತವರು ಬಾಗಳಿಯಲ್ಲಿ ನಮ್ಮಪ್ಪ ಹೇಳುತ್ತಿದ್ದ.

ಎಂಜಲು ಹಚ್ಚಿ ಅಂಚೆಚೀಟಿ ಅಂಟಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಚೇರಿಯ ಕಟ್ಟೆಯ ಮೇಲೆ ಒಂದು ತೆಂಗಿನ ಚಿಪ್ಪು ಇಟ್ಟು, ಅದರೊಳಗೆ ಒದ್ದೆ ಬಟ್ಟೆ ಹಾಕಿರುತ್ತಿದ್ದರು. ರೋಜಾ ಹಿಡಿದಾಗ ನಾಲಿಗೆಗೆ ಅಂಟು ತಾಕಬಾರದು ಎಂದು ಒಂದು ರಂಜಾನಿನಲ್ಲಿ ಶುರು ಮಾಡಿದ್ದಂತೆ, ಆಮೇಲೆ ವರ್ಷವಿಡೀ ಉಳಿಯಿತು. ನಮ್ಮಂಥ ಹೆಣ್ಣುಮಕ್ಕಳಿಗೆ ಅದರಿಂದ ದೊಡ್ಡ ಅನುಕೂಲ. ಮಠಕ್ಕೆ ಬರೆಯುವ ಪತ್ರಕ್ಕೆ ಎಂಜಲು ಹೇಗೆ ಹಚ್ಚುವುದು ಎಂದು ನಮ್ಮ ಅತ್ತೆ ಮೊದಲು ಒದ್ದಾಡುತ್ತಿದ್ದರು. ಅವರ ಉಪವಾಸ ನಮ್ಮ ಮಡಿಯನ್ನೂ ಕಾಯಿತು. ಇಂಥ ಸಣ್ಣ ಸಣ್ಣ ಉಪಕಾರಗಳನ್ನು ನಾನು ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ.

ಓದಲು ಬಾರದ ಮುದುಕಿಯರು ಪತ್ರ ಹಿಡಿದುಕೊಂಡು ಅವರ ಹತ್ತಿರವೇ ಬರುತ್ತಿದ್ದರು. ಚಾಚಾ ಮೊದಲು ತಾವು ಮನಸ್ಸಿನಲ್ಲಿ ಓದಿಕೊಳ್ಳುವರು. ಸುಖದ ಸುದ್ದಿಯಾದರೆ ನಿಂತಲ್ಲೇ ಗಟ್ಟಿಯಾಗಿ ಓದುವರು. ಇಲ್ಲವಾದರೆ, "ಕುಂದ್ರಬೇ ಯವ್ವಾ, ಮೊದ್ಲ ನೀರ ಕುಡಿ" ಎನ್ನುವರು. ಬರಬರುತ್ತಾ ಮುದುಕಿಯರಿಗೆ ಇದು ತಿಳಿದುಹೋಯಿತು. ಒಮ್ಮೆ ಬಿಸಿಲಿನಲ್ಲಿ ನಡೆದು ಬಂದ ಒಬ್ಬಾಕೆಗೆ ಚಾಚಾ ಸುಮ್ಮನೆ ನೀರು ಕೊಟ್ಟರೆ, ಆಕೆ ತಂಬಿಗೆ ಅಲ್ಲೇ ಬಿಟ್ಟು, "ಯಾರ್ ಸತ್ರೋ?" ಎಂದು ಎದೆ ಬಡಿದುಕೊಂಡಳು. ಪತ್ರದಲ್ಲಿ ಇದ್ದದ್ದು ಮೊಮ್ಮಗನ ನಾಮಕರಣದ ಕರೆ. ಅದನ್ನು ಹೇಳಿ ಹೇಳಿ ಚಾಚಾ ವರ್ಷಗಟ್ಟಲೆ ನಕ್ಕರು.

ಅವರಿಗೆ ಒಂದೇ ಒಂದು ಹುಚ್ಚು, ಆ ಸಿನಿಮಾ ಗಾಯಕರದು. ಪರದೆಯ ಮೇಲೆ ಬೇರೆಯವರು ತುಟಿ ಆಡಿಸುತ್ತಾರೆ, ಹಾಡುವವರು ಹಿಂದೆ ಇರುತ್ತಾರೆ ಎಂಬುದೇ ನನಗೆ ಮದುವೆಯಾಗಿ ಬಂದ ಮೇಲೆ ಚಾಚಾನಿಂದ ತಿಳಿದದ್ದು. ಆದರೆ ಆ ದನಿ ಮಾತ್ರ ನನಗೂ ಗೊತ್ತಿತ್ತು. ಟೆಂಟಿನ ಟಾಕೀಸಿನಲ್ಲಿ ಆಟ ಶುರುವಾಗುವ ಮೊದಲು ಊರಿಗೆಲ್ಲ ಕೇಳುವಂತೆ ಹಾಕುತ್ತಿದ್ದುದು ಅದೇ ದನಿ, ಮದುವೆ ಮನೆಯ ಮೈಕಿನಲ್ಲಿ ಅದೇ, ಬೆಳಗ್ಗೆ ಗುಡಿಯ ಮೈಕಿನಲ್ಲಿ ದೇವರ ಹಾಡು ಹಾಕಿದರೆ ಅಲ್ಲೂ ಅದೇ. ನಮ್ಮ ಅತ್ತೆ ಆ ಹಾಡು ಮುಗಿಯುವ ತನಕ ಎದ್ದು ನಿಂತಿರುತ್ತಿದ್ದರು. ಹಾಡಿದವರು ಯಾರು ಎಂದು ಅವರು ಕೇಳಿದವರೂ ಅಲ್ಲ.

ಚಾಚಾ ಆ ಗಾಯಕರ ಹೆಸರು ಹೇಳುತ್ತಿರಲಿಲ್ಲ. "ಅವರು" ಎನ್ನುವರು ಅಷ್ಟೇ. "ಅವರು ಹಾಡಿದ್ದು", "ಅವರು ತೀರಿದ ವರ್ಷ." ಚಾಚಿ ಅದಕ್ಕೇ ಚುಚ್ಚುತ್ತಿದ್ದರು: "ನಾ ಇವರ ಹೆಸರ ಹೇಳಂಗಿಲ್ಲ, ಇವರು ಅವರ ಹೆಸರ ಹೇಳಂಗಿಲ್ಲ. ಅವರು ಯಾರ ಹೆಸರ ಹೇಳ್ತಿರಲಿಲ್ಲೋ ಯಾರಿಗ್ ಗೊತ್ತು!" ಹಾಗಾಗಿ ನಾನೂ ಇಲ್ಲಿ ಹೆಸರು ಬರೆಯುತ್ತಿಲ್ಲ. ಬರೆದರೆ ಚಾಚಾ ಒಪ್ಪುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಒಂದು ದಿನ ಪೇಪರಿನಲ್ಲಿ ಅವರ ಮುಖ ಇರುವ ಅಂಚೆಚೀಟಿ ಬಂದಿದೆ ಎಂದು ಸುದ್ದಿ. ಚಾಚಾ ಆ ಪೇಪರ್ ಹಿಡಿದು ಓಣಿಯ ಈ ತುದಿಯಿಂದ ಆ ತುದಿಗೆ ನಡೆದರು. "ನೋಡ್ ತಂಗಿ, ರಾಜರು, ದೊಡ್ಡ ದೊಡ್ಡ ಲೀಡರು, ಅವರ ನಡುವ ನಮ್ಮವರು. ಹಾಡಿದ ಮನಿಷ್ಯಾಗ ಸರ್ಕಾರ ಮರ್ಯಾದಿ ಕೊಟ್ಟೈತಿ!" ಎಂದರು. ನಮ್ಮಂಥ ಸಣ್ಣ ಆಫೀಸಿಗೆ ಅಂಥ ಚೀಟಿ ತಾವಾಗಿ ಬರುವುದಿಲ್ಲವಂತೆ. ಮಾಸ್ತರಿಗೆ ದಿನಾ ಚಹಾ ತಂದುಕೊಟ್ಟು, ಬೆನ್ನು ಬಿದ್ದು, ಮೇಲಿನ ಆಫೀಸಿಗೆ ಬರೆಸಿ ಎರಡು ಹಾಳೆ ತರಿಸಿದರು.

ಹಾಳೆ ಬಂದ ದಿನ ಅವರು ಮಾಡಿದ್ದನ್ನು ಮಾತ್ರ ಯಾರೂ ಎಣಿಸಿರಲಿಲ್ಲ. ಆಲ್ಬಮ್ಮಿನಲ್ಲಿ ಅಂಟಿಸಿ ಇಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆವು. ಚಾಚಾ ತಮ್ಮ ಕೈಯಿಂದಲೇ ದುಡ್ಡು ಹಾಕಿ ಕೊಂಡು, ಓಣಿಯ ಹನ್ನೊಂದು ಮನೆಗೂ ಒಂದೊಂದು ಲಕೋಟೆ ಕಳಿಸಿದರು. ಎದುರು ಮನೆಯ ನಮಗೂ ಪೋಸ್ಟಿನಲ್ಲಿ! ಒಡೆದು ನೋಡಿದರೆ ಒಂದೇ ಸಾಲು: "ಇವರು ನಿಮ್ಮ ಮನೆಗೆ ಬಂದಿದ್ದಾರೆ, ಕೂಡಿಸಿಕೊಳ್ಳಿರಿ."

"ಇಟ್ಟಕೊಳ್ಳೋದ್ ಬಿಟ್ಟು ಹಿಂಗ್ಯಾಕ ಹಂಚಿದ್ರಿ ಚಾಚಾ?" ಎಂದು ಕೇಳಿದೆ.

"ಇಟ್ಟಕೊಂಡ್ರ ಅವರು ನನ್ನ ಟ್ರಂಕಿನ್ಯಾಗ ಇರ್ತಾರ. ಪೋಸ್ಟಿಗಿ ಹಾಕಿದ್ರ ಮನಿಮನಿಗಿ ಬರ್ತಾರ. ಹಾಡಿದ್ದು ಹಂಗ ಅಲ್ಲೇನು, ಮನಿಮನಿಗಿ ಕೇಳ್ಲಿ ಅಂತ?"

ಒಂದು ಮನೆಯವರು ಲಕೋಟೆಯನ್ನು ಕನ್ನಡಿಗೆ ಸಿಕ್ಕಿಸಿದರು. ಇನ್ನೊಬ್ಬರು ಟಿವಿಯ ಮೇಲಿಟ್ಟರು. ನಮ್ಮ ಅತ್ತೆ ಜಗಲಿಯ ಮೇಲೆ ದೇವರ ಮಗ್ಗುಲಲ್ಲಿಟ್ಟು, ಅಂಚೆಚೀಟಿಯ ಹಣೆಗೆ ವಿಭೂತಿ ಹಚ್ಚಲು ಬೆರಳು ಚಾಚಿದ್ದರು. ನಾನು ತಡೆದೆ. "ಅತ್ತಿ, ಅವರು ದೇವರಲ್ರಿ, ಹಾಡೋರು" ಎಂದರೆ, "ದಿನಾ ಮುಂಜಾನಿ ದೇವರ ಕರಿಯೋರು ಇವರ ಹೌದಲ್ಲ?" ಎಂದರು.

ಆ ಲಕೋಟೆಯ ಮೇಲಿನ ಶಿಕ್ಕಾವನ್ನು ನಾನು ಆಗಲೇ ನೋಡಿದ್ದೆ. ಅಚ್ಚು ಹಾಕಿದಂತೆ ಹೊಡೆಯುವ ಚಾಚಾ ಆ ಹನ್ನೊಂದಕ್ಕೂ ಮುಖ ತಪ್ಪಿಸಿ ಮೂಲೆಗೆ ಮುಟ್ಟಿಸಿದ್ದರು. ಉಗುರಿನ ಗುರುತಿನಷ್ಟು ಒಂದು ಕಪ್ಪು ಗೆರೆ, ಉಳಿದದ್ದೆಲ್ಲ ಲಕೋಟೆಯ ಮೇಲೆ. ಆಮೇಲೆ ಬೇರೆಯವರು ಆ ಚೀಟಿ ಹಚ್ಚಿದ ಪತ್ರಗಳಿಗೂ ಹಾಗೆಯೇ ಮಾಡಿದರಂತೆ. ಮಾಸ್ತರು ಎರಡು ಸಲ ಹೇಳಿದರು. "ಕೈ ಏಳಂಗಿಲ್ರಿ ಮಾಸ್ತರ. ಕಪ್ಪು ಮಸಿ ಹಿಡಕೊಂಡು ಅವರ ಮುಖದ ಮ್ಯಾಲ ಹೆಂಗ್ ಹೊಡೀಲಿ?" ಎಂದರಂತೆ ಚಾಚಾ.

ಈಗ ನನ್ನ ತಪ್ಪಿನ ವಿಷಯ. ಅದನ್ನು ಬಿಟ್ಟು ಚಾಚಾನ ಬಗ್ಗೆ ಬರೆದರೆ ಬರೆದ ಹಾಗಾಗುವುದಿಲ್ಲ.

ಕಾನಹೊಸಹಳ್ಳಿಗೆ ಕೊಟ್ಟ ನನ್ನ ತಂಗಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಈಗ ಮೂರನೆಯ ಸಲ ಬಸುರಾಗಿದ್ದೇನೆ, ಹೆದರಿಕೆಯಾಗುತ್ತಿದೆ ಅಕ್ಕಾ ಎಂದು ಪತ್ರ ಬರೆದಿದ್ದಳು. ಆ ದಿನ ಸೋಮವಾರ. ಕೊಟ್ಟೂರಿಗೆ ಹೋಗಿ ದರ್ಶನ ಮಾಡಿ ಬಂದಿದ್ದೆ, ಆಕೆಗಾಗಿ ಒಂದು ಚೂರು ವಿಭೂತಿ ಕಾಗದದಲ್ಲಿ ಮಡಚಿ ತಂದಿದ್ದೆ. ಅವತ್ತೇ ಕಳಿಸಬೇಕು ಎಂದು ಮನಸ್ಸು. ಮಧ್ಯಾಹ್ನ ಮೂರು ದಾಟಿತ್ತು, ಅಂಚೆಚೀಟಿ ಮಾರುವ ಕಿಟಕಿ ಮುಚ್ಚಿತ್ತು. ಡಬ್ಬಿ ತೆಗೆಯುವುದು ನಾಲ್ಕಕ್ಕೆ. ಏನು ಮಾಡಲಿ ಎಂದು ಜಗಲಿಯ ಕಡೆ ನೋಡಿದರೆ ಚಾಚಾನ ಲಕೋಟೆ. ಮೂಲೆಯ ಆ ಗೆರೆ ಬಿಟ್ಟರೆ ಶಿಕ್ಕಾ ಬೀಳದ ಚೀಟಿ, ಹೊಸದರಂತೆ ಇತ್ತು. ದೇವರೇ ಕೊಟ್ಟ ಎಂದುಕೊಂಡೆ. ನಿಜ ಹೇಳುತ್ತೇನೆ, ಒಂದು ಕ್ಷಣವೂ ಕಳವು ಎನಿಸಲಿಲ್ಲ. ಬೆಚ್ಚಗಿನ ನೀರಿನಲ್ಲಿ ಅದ್ದಿ ಬಿಡಿಸಿದೆ, ಅನ್ನದ ಅಗಳು ತಿಕ್ಕಿ ಹೊಸ ಲಕೋಟೆಗೆ ಅಂಟಿಸಿದೆ, ಡಬ್ಬಿಗೆ ಹಾಕಿ ಬಂದೆ. ಸಂಜೆ ದೀಪ ಹಚ್ಚುವಾಗ ಅದನ್ನೂ ಆ ದಿನದ ಉಪಕಾರಗಳಲ್ಲಿ ಸೇರಿಸಿ ನೆನೆದೆ.

ಮರುದಿನ ಬೆಳಗ್ಗೆ ಚಾಚಿ ಕರಿಬೇವಿಗೆಂದು ನಮ್ಮ ಹಿತ್ತಲಿಗೆ ಬಂದರು. ಮುಖ ಬಾಡಿತ್ತು.

"ಯಾಕ ಚಾಚಿ, ಮೈಯಾಗ ಹುಷಾರಿಲ್ಲೇನ್ರಿ?"

"ನಿಮ್ಮ ಚಾಚಾ ನಿನ್ನಿಯಿಂದ ಒಂದ್ ತುತ್ತು ತಿಂದಿಲ್ಲ ತಂಗಿ. ಮ್ಯಾಲಿನ ಆಫೀಸ್ನಿಂದ ಇನ್ಸ್‌ಪೆಕ್ಟರ್ ಬಂದಾನ. ಇವರು ಶಿಕ್ಕಾ ಹೊಡಿಯೋ ಮುಂದ ಬಾಜೂಕ ಕುಂತಿದ್ನಂತ. ಒಂದ್ ಪತ್ರ ಕೈಯಾಗ ಬಂದಕೂಡ್ಲೇ ಇವರ ಕೈ ನಿಂತೈತಿ. ಯಾಕ್ ನಿಂತೀ ಅಂತ ಅವ ಕಸಗೊಂಡು ನೋಡ್ಯಾನ. ಯಾರೋ ಪುಣ್ಯಾತ್ಗಿತ್ತಿ ಹಳೇ ಸ್ಟಾಂಪು ಅನ್ನದ ಅಗಳಿಲೆ ಅಂಟಿಸ್ಯಾಳ!"

ನನ್ನ ಕೈಯಲ್ಲಿದ್ದ ಕರಿಬೇವಿನ ಟೊಂಗೆ ಹಾಗೇ ಉಳಿಯಿತು.

"ಅದಕ್ಕ ಚಾಚಾಗ ಏನಂತ?"

"ಏನಂತ ಅಂದ್ರ? ನೀನ ಬೇಕಂತ ಶಿಕ್ಕಾ ಬಿಟ್ಟು, ಆ ಸ್ಟಾಂಪು ಕಿತ್ತು ಮಂದಿಗಿ ಮತ್ತ ಮಾರ್ತೀ ಅಂತ ಅಂದ್ನಂತ. ಕಳ್ಳ ಅಂದ್ನಂತ ತಂಗಿ, ಇವರಿಗಿ! ರಿಟೈರ್ ಆಗಾಕ ಆರ್ ತಿಂಗಳಿಲ್ಲ. ಇವತ್ತ ಬರಕೊಡು ಅಂದಾನ. ಮ್ಯಾಲಿಗಿ ಹೋದ್ರ ಪಿಂಚಣಿನೂ ನಿಲ್ತೈತಂತ."

"ಯಾರ ಪತ್ರ ಅಂತ ಹೇಳಲಿಲ್ಲೇನ್ರಿ?"

"ಲಕೋಟಿ ಮ್ಯಾಲ ಕಳಿಸಿದವರ ಹೆಸರಿಲ್ಲಂತ. ಇವರು ಗೊತ್ತಿಲ್ಲ ಅಂದಾರ. ಗೊತ್ತೈತಿ. ಸುಳ್ಳ ಹೇಳಿದ್ರ ಅವರ ಕಿವಿ ಕೆಂಪಗ ಆಗ್ತಾವ, ನನಗ ಗೊತ್ತಾಗಂಗಿಲ್ಲೇನು? ನನ್ನ ಮುಂದೂ ಬಾಯಿ ಬಿಡವಲ್ರು."

ನನ್ನ ಅಕ್ಷರ ಚಾಚಾಗೆ ಗೊತ್ತು. ತಂಗಿಯ ವಿಳಾಸವೂ ಗೊತ್ತು. ಎಷ್ಟು ವರ್ಷ ಆ ವಿಳಾಸದ ಮೇಲೆ ಶಿಕ್ಕಾ ಹೊಡೆದಿದ್ದರು! ಚಾಚಿ ಹೋದ ಮೇಲೆ ಜಗಲಿಯ ಮುಂದೆ ಕೂತು, ತಪ್ಪಾಯಿತು ಎಂದು ಗಲ್ಲ ಬಡಿದುಕೊಂಡೆ. ಅಲ್ಲೇ ಜೋಳ ಆರಿಸುತ್ತಾ ಕೂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡು, "ಯಾರಿಗಿ ಹೇಳಾಕತ್ತೀ?" ಎಂದರು.

"ದೇವರಿಗಿ ರೀ, ಅತ್ತಿ."

"ದೇವರೇನು ಪೋಸ್ಟ್ ಆಫೀಸ್ನಾಗ ನೌಕರಿ ಮಾಡ್ತಾನ? ಅಲ್ಲಿ ಹೋಗಿ ಹೇಳು."

ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ. ಸೋಮವಾರದ ಭಜನೆಗೆ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸುವವಳು ನಾನು. ನಮ್ಮ ಯಜಮಾನರದು ಊರಿನ ನಡುವೆ ಕಿರಾಣಿ ಅಂಗಡಿ. ನಾಳೆ ಅಂಗಡಿಯ ಮುಂದೆ ನಿಂತವರು ಏನನ್ನುತ್ತಾರೆ? ಅಂಗಡಿಗೆ ಹೋಗಿ ಅವರಿಗೆ ಹೇಳಿದೆ. ಅವರು ತಕ್ಕಡಿಯಿಂದ ಕೈ ತೆಗೆದು, "ಆ ಮನಿಷ್ಯಾನ ಮ್ಯಾಲ ಕಳ್ಳತನ ಹೊರಿಸಿ ನಾವು ಮನ್ಯಾಗ ಕುಂದ್ರಾಕ ಆಗ್ತೈತೇನು? ನಡಿ" ಎಂದು ಅಂಗಡಿಯ ಒಂದು ಬಾಗಿಲು ಮುಚ್ಚಿ ನನ್ನ ಜೊತೆ ಬಂದರು.

ಅಂಚೆ ಕಚೇರಿಯಲ್ಲಿ ಮಾಸ್ತರು, ಮೇಜಿನ ಹಿಂದೆ ಇನ್ಸ್‌ಪೆಕ್ಟರು. ಎಳೆಯ ವಯಸ್ಸಿನವರು, ದಾವಣಗೆರೆ ಕಡೆಯ ಮಾತು. ಚಾಚಾ ಗೋಡೆಗೆ ನಿಂತು ಬರೆದುಕೊಡುವ ಹಾಳೆ ಕೈಯಲ್ಲಿ ಹಿಡಿದಿದ್ದರು. ನನ್ನನ್ನು ಕಂಡ ಕೂಡಲೇ ಕಣ್ಣಿನಲ್ಲೇ ಹೋಗು ಎಂದರು.

"ಸಾಹೇಬ್ರ, ಆ ಪತ್ರ ನಂದ್ರಿ" ಎಂದೆ.

"ಯಾವ ಪತ್ರ?"

"ಅನ್ನದ ಅಗಳಿಂದು."

ಮಾಸ್ತರು ತಲೆ ತಗ್ಗಿಸಿ ನಗು ನುಂಗಿದರು. ಚಾಚಾ ಮಾತ್ರ ಸಿಟ್ಟಾದರು. ಅಷ್ಟು ವರ್ಷದಲ್ಲಿ ಅವರ ಸಿಟ್ಟು ನೋಡಿದ್ದು ಅದೊಂದೇ ಸಲ. "ನಿನಗ್ಯಾಕ್ ಬೇಕಿತ್ತು ತಂಗಿ? ಹೆಣ್ಮಗಳು ಇಲ್ಲಿಗ್ಯಾಕ್ ಬಂದಿ? ನಾ ಬರದ್ ಕೊಡ್ತಿದ್ದೆ, ಮುಗೀತಿತ್ತು!"

"ಏನಂತ ಬರೀತಿದ್ರಿ ಚಾಚಾ, ಕದ್ದೀನಿ ಅಂತೇನು?"

ಅವರು ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟರು.

ಇನ್ಸ್‌ಪೆಕ್ಟರು ನನ್ನನ್ನು ಕೂರಿಸಿ ಎಲ್ಲ ಕೇಳಿದರು. ಹೇಳಿದೆ. ಲಕೋಟೆ ಯಾಕೆ ಬಂದದ್ದು, ಜಗಲಿಯ ಮೇಲೆ ಯಾಕೆ ಇತ್ತು, ವಿಭೂತಿ, ತಂಗಿ, ಬೆಚ್ಚಗಿನ ನೀರು, ಎಲ್ಲ. "ಒಮ್ಮೆ ಬಳಸಿದ ಸ್ಟಾಂಪ್ ಮತ್ತೆ ಹಚ್ಚಬಾರದು ಅಂತ ಗೊತ್ತಿರಲಿಲ್ವಾ ಅಮ್ಮ?" ಎಂದರು. "ದೇವರು ಕೊಟ್ಟ ಅಂತ ತಿಳಕೊಂಡಿದ್ದೆ ರೀ" ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ, ಇದನ್ನೇ ಬರೆದು ಸಹಿ ಹಾಕಿ ಎಂದರು. ದೇವರ ಮಾತು ಬಿಟ್ಟು ಉಳಿದದ್ದನ್ನು ಬರೆದೆ. ಯಜಮಾನರು ಸಾಕ್ಷಿ ಹಾಕಿದರು. ಓಣಿಯ ಉಳಿದ ಹತ್ತು ಮನೆಯಿಂದ ಲಕೋಟೆ ತರಿಸಿದರು. ಹತ್ತಕ್ಕೂ ಚೀಟಿ ಹಾಗೇ ಇದ್ದವು, ಒಂದೂ ಕಿತ್ತಿರಲಿಲ್ಲ. ಕಿತ್ತವಳು ನಾನೊಬ್ಬಳೇ ಎಂಬುದು ಓಣಿಗೆಲ್ಲ ತಿಳಿದದ್ದೂ ಹಾಗೆಯೇ. ಹೋಗಲಿ, ಚಾಚಾನ ಮೇಲಿನ ಕಳ್ಳತನದ ಮಾತು ಅಲ್ಲಿಗೆ ನಿಂತಿತು. ಓಣಿಯವರು ಒಂದು ವಾರ ನಕ್ಕು ಬಿಟ್ಟರು. ಅದಕ್ಕಿಂತ ಕಡಿಮೆಗೆ ಯಾವ ದೇವರು ಬಿಡುತ್ತಿದ್ದ?

ಆದರೆ ಶಿಕ್ಕಾ ಸರಿಯಾಗಿ ಹೊಡೆಯದ್ದಕ್ಕೆ ಎಚ್ಚರಿಕೆಯ ಮೆಮೋ ಉಳಿಯಿತು. ಅವರ ನೌಕರಿಯಲ್ಲಿ ಮೊದಲನೆಯದು. ಮಾಸ್ತರು, "ಬಿಡ್ರಿ ಸಾರ್, ಇನ್ನಾರು ತಿಂಗಳು" ಎಂದು ಬೇಡಿಕೊಂಡರು. ಚಾಚಾ ಬೇಡಲಿಲ್ಲ. "ಅದು ಖರೇನ ಐತಿ ಮಾಸ್ತರ. ತಂಗಿ ಕಿತ್ತಿದ್ದು ನಾ ಬಿಟ್ಟದ್ದನ್ನ. ನನ್ನ ಭಕ್ತಿ ಇಕೀನ ಕಳ್ಳಿ ಮಾಡ್ತು" ಎಂದು ಸಹಿ ಹಾಕಿದರು. ಹಾಗೆ ಹೇಳುವಾಗ ಅವರ ದನಿ ಸಣ್ಣದಾಗಿತ್ತು. ಸಾಹೇಬರು ಗದರಿಸಿದ್ದಕ್ಕಿಂತ ಇದು ಅವರಿಗೆ ಹೆಚ್ಚು ನೋವು ಮಾಡಿತ್ತು.

ನನ್ನ ಪತ್ರವನ್ನು ಹೊಸ ಲಕೋಟೆಯಲ್ಲಿ ಹಾಕಲು ಬಿಟ್ಟರು. ವಿಭೂತಿಯ ಪೊಟ್ಟಣ ಹಾಗೇ ಇತ್ತು. ಕೊನೆಗೆ ಒಂದು ಸಾಲು ಸೇರಿಸಿದೆ: ಸ್ಟಾಂಪಿನ ಮೇಲೆ ನಮ್ಮ ಚಾಚಾನ ಗಾಯಕರು ಬಂದಿದ್ದಾರೆ, ನೋಡು. ಕಿಟಕಿಯಲ್ಲಿ ಮಾಸ್ತರು ಚೀಟಿ ಹರಿಯುವಾಗ, "ಬ್ಯಾರೇ ಸ್ಟಾಂಪು ಕೊಡ್ಲೇನು?" ಎಂದು ನನ್ನನ್ನೇ ಮೆಲ್ಲಗೆ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಚಾಚಾ, "ಅವರದ ಕೊಡ್ರಿ" ಎಂದರು.

ತಾವೇ ಒದ್ದೆ ಬಟ್ಟೆಗೆ ಮುಟ್ಟಿಸಿ, ಓರೆಯಾಗದಂತೆ ಅಂಟಿಸಿದರು. ಹೆಬ್ಬೆರಳಿನಿಂದ ನಾಲ್ಕೂ ಅಂಚು ಒತ್ತಿದರು. ಶಿಕ್ಕಾ ಮಸಿಗೆ ಒತ್ತಿ ಎತ್ತಿದರು. ಎತ್ತಿದ ಕೈ ಮೇಲೇ ನಿಂತಿತು. ಇನ್ಸ್‌ಪೆಕ್ಟರೂ ನೋಡುತ್ತಿದ್ದರು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಹೊಡೆದ ಸದ್ದು ಕೇಳಿ ತಿರುಗಿದರೆ, ಆ ಮುಖದ ನಟ್ಟನಡುವೆ ನಮ್ಮೂರಿನ ಹೆಸರು, ತಾರೀಖು, ದುಂಡಗೆ, ಒಂದು ಅಕ್ಷರ ಅಳಿಸದೆ. ಚಾಚಾ ಅದನ್ನು ಊದಿ ಆರಿಸಿ, ಕಾನಹೊಸಹಳ್ಳಿಯ ಕಟ್ಟಿಗೆ ಸೇರಿಸಿದರು.

ಆಮೇಲೆ ನಿವೃತ್ತಿಯ ದಿನದವರೆಗೆ ಒಂದು ಸಲವೂ ಮುಖ ತಪ್ಪಿಸಲಿಲ್ಲವಂತೆ. ಪಿಂಚಣಿ ತಡೆಯಿಲ್ಲದೆ ಬಂತು. ತಂಗಿಗೆ ಹೆಣ್ಣುಮಗುವಾಯಿತು, ತಾಯಿ ಮಗು ಇಬ್ಬರೂ ಉಳಿದರು.

ಆದರೆ ಅವೆಲ್ಲ ನಂತರದ ಮಾತು. ಆ ವಾರವೇ ತಂಗಿಯ ಉತ್ತರ ಬಂದಿತ್ತು. ವಿಭೂತಿ ಮುಟ್ಟಿತು, ಹಚ್ಚಿಕೊಂಡೆ, ಧೈರ್ಯ ಬಂತು ಎಂದು ಬರೆದಿದ್ದಳು. ಕೆಳಗೆ ಇನ್ನೊಂದು ಮಾತಿತ್ತು. ಅದನ್ನು ಹೇಳುವುದೋ ಬಿಡುವುದೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಕಚೇರಿಯ ಕಟ್ಟೆಗೆ ಹೋಗಿ ಓದಿದೆ. ಚಾಚಾ ಚೀಲದ ಬಾಯಿ ಕಟ್ಟುತ್ತಿದ್ದರು.

"ಚಾಚಾ, ನನ್ನ ತಂಗಿ ಬರದಾಳ್ರಿ. 'ಸ್ಟಾಂಪಿನ್ಯಾಗ ಯಾರದಾರ ಅಕ್ಕಾ? ಶಿಕ್ಕಾದಾಗ ಮುಖನ ಕಾಣವಲ್ದು' ಅಂತ."

ಚಾಚಾ ದಾರದ ಗಂಟನ್ನು ಹಲ್ಲಿನಿಂದ ಬಿಗಿದರು.

"ಕಾಣವಲ್ದಂತೇನು?" ಎಂದರು. "ಹಂಗಾರ ಸರಿ ಬಿದ್ದೈತಿ, ತಂಗಿ."